ನರ್ಸಿಂಗ್ ಓದುವವರು ಪಿಯುಸಿಯಲ್ಲಿ ಏನು ತೆಗೆದುಕೊಳ್ಳಬೇಕು?

‘ನರ್ಸಿಂಗ್ ತಾನೆ, ಯಾವ ವಿಭಾಗವಾದರೂ ನಡೆಯುತ್ತೆ’ ಎಂಬ ಮಾತು ಎಸ್ಸೆಸ್ಸೆಲ್ಸಿ ಫಲಿತಾಂಶದ ಹೊತ್ತಿಗೆ ಮನೆಮನೆಯಲ್ಲಿ ಕೇಳಿಬರುತ್ತದೆ. ಈ ಮಾತು ಅರ್ಧ ಮಾತ್ರ ನಿಜ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಈ ಮೂರರಲ್ಲಿ ಒಟ್ಟು ಶೇ. 45 ಅಂಕ (ಪರಿಶಿಷ್ಟರಿಗೆ ಶೇ. 40) ಬಂದಿರಬೇಕು, ಇಂಗ್ಲಿಷ್‌ನಲ್ಲಿ ಪಾಸಾಗಿರಬೇಕು. ಕರ್ನಾಟಕದಲ್ಲಿ 2023ರಿಂದ ಈ ಕೋರ್ಸಿಗೂ ಸಿಇಟಿ ಬಂದಿದೆ.

ಕಲಾ, ವಾಣಿಜ್ಯ ಓದಿದವರಿಗೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ. ಅದು ಮುಗಿಸಿ ನೋಂದಣಿ ಮಾಡಿಸಿಕೊಂಡ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಓದಿ ಪದವಿ ಪಡೆಯಬಹುದು. ನಾಲ್ಕು ವರ್ಷದ ಕೆಲಸಕ್ಕೆ ಐದು ವರ್ಷ. ಬೇಗ ಡ್ಯೂಟಿಗೆ ಸೇರಲೇಬೇಕಾದ ಮನೆಗಳಿಗೆ ಇದು ಒಳ್ಳೆಯ ದಾರಿಯೇ. ಆದರೆ ವಿಜ್ಞಾನ ಓದುವ ಶಕ್ತಿಯಿದ್ದೂ ಹೆದರಿಕೊಂಡು ಬಿಡುವುದು ಬೇಡ.

ಹೆದರಿಕೆ ಬಹುಪಾಲು ಗಣಿತದ್ದು. ಪ್ರವೇಶಕ್ಕೆ ಗಣಿತ ಕಡ್ಡಾಯವಲ್ಲ. ಕೆಲವು ಕಾಲೇಜುಗಳಲ್ಲಿ ಅದರ ಬದಲು ಗೃಹವಿಜ್ಞಾನ ಸಿಗುತ್ತದೆ, ಪದವಿಯ ಎರಡನೇ ಸೆಮಿಸ್ಟರಿನ ಪೋಷಣಾಶಾಸ್ತ್ರಕ್ಕೆ ಅದು ನೆರವಾಗುತ್ತದೆ. ವಾರ್ಡಿನಲ್ಲಿ ಬೇಕಾಗುವುದು ಹೈಸ್ಕೂಲಿನ ತ್ರೈರಾಶಿ. 500 ಮಿ.ಲೀ. ಸಲೈನನ್ನು 4 ಗಂಟೆಯಲ್ಲಿ ಹಾಕಿ ಎಂದು ಡಾಕ್ಟರು ಬರೆದಿದ್ದಾರೆ, ಕೈಯಲ್ಲಿರುವ ಡ್ರಿಪ್ ಸೆಟ್ಟಿನಲ್ಲಿ ಒಂದು ಮಿ.ಲೀ.ಗೆ 15 ಹನಿ ಎನ್ನಿ. 500ನ್ನು 15ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 31 ಹನಿ. ಲೆಕ್ಕ ಇಷ್ಟೇ, ಆದರೆ ರಾತ್ರಿ ಪಾಳಿಯಲ್ಲೂ ತಪ್ಪುವಂತಿಲ್ಲ.

ರಸಾಯನಶಾಸ್ತ್ರವನ್ನು ಬರೀ ಪರೀಕ್ಷೆಗೆಂದು ಉರು ಹೊಡೆಯುವವರು ದ್ವಿತೀಯ ಪಿಯುಸಿಯ ‘ದ್ರಾವಣಗಳು’ ಪಾಠವನ್ನು ಇನ್ನೊಮ್ಮೆ ಓದಲಿ. ನಾರ್ಮಲ್ ಸಲೈನಿನಲ್ಲಿ ಉಪ್ಪು ಶೇ. 0.9 ಏಕೆ? ಆ ಪ್ರಮಾಣದಲ್ಲಿ ಕೆಂಪು ರಕ್ತಕಣ ಉಬ್ಬುವುದೂ ಇಲ್ಲ, ಸುಕ್ಕುವುದೂ ಇಲ್ಲ. ಬರೀ ನೀರು ರಕ್ತನಾಳಕ್ಕೆ ಹೋದರೆ ಕಣಗಳು ಊದಿಕೊಂಡು ಒಡೆಯುತ್ತವೆ.

ಪ್ರಥಮ ಪಿಯುಸಿ ಜೀವಶಾಸ್ತ್ರದ ಕೊನೆಯಲ್ಲಿ ಉಸಿರಾಟ, ರಕ್ತಪರಿಚಲನೆ, ವಿಸರ್ಜನೆ, ನರವ್ಯೂಹದ ಪಾಠಗಳಿವೆ. ಮೊದಲ ವರ್ಷದ ಅಂಕ ಯಾರೂ ಕೇಳುವುದಿಲ್ಲವೆಂದು ಮಕ್ಕಳು ಹಾರಿಸುವುದು ಇವನ್ನೇ. ನರ್ಸಿಂಗಿನ ಮೊದಲ ಸೆಮಿಸ್ಟರಿನಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಎಂದು ಅವೇ ದಪ್ಪ ಪುಸ್ತಕಗಳಾಗಿ ಎದುರಿಗೆ ಬರುತ್ತವೆ. ಜೊತೆಗೆ ಮನಃಶಾಸ್ತ್ರ, ಸಮಾಜಶಾಸ್ತ್ರವೂ ಇವೆ, ಅವನ್ನು ಅಲ್ಲೇ ಮೊದಲಿಂದ ಹೇಳಿಕೊಡುತ್ತಾರೆ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು: ರೋಗಿಯ ಜೊತೆ ಮಾತಾಡಲು ನಿಮ್ಮ ಕನ್ನಡವೇ ಆಸ್ತಿ, ಕೇಸ್ ಶೀಟ್ ಮಾತ್ರ ಇಂಗ್ಲಿಷಿನದು. ಪಿಯುಸಿಯಿಂದಲೇ ದಿನಕ್ಕೊಂದು ಪುಟ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಿ.

ಸೀಟು ಸಿಕ್ಕ ಖುಷಿಯಲ್ಲಿ ಕೂಡಲೇ ಫೀಸು ಕಟ್ಟಬೇಡಿ. ಬಿ.ಎಸ್ಸಿ. ಕಾಲೇಜಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಯಾವುದೇ ಕೋರ್ಸಾದರೂ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಈ ವರ್ಷಕ್ಕೆ ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.