ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಆಗುವುದು ಹೇಗೆ?

ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವರು ಅದನ್ನೇ ಕಾಲೇಜಿನಲ್ಲಿ ಕಲಿಸುತ್ತ ಬದುಕು ಕಟ್ಟಿಕೊಳ್ಳಬಹುದೆ? ಖಂಡಿತ. ಆದರೆ ಅಮೆರಿಕದ ಕಾಲೇಜುಗಳಂತೆ ಈ ಒಂದೇ ಆಟಕ್ಕೆ ಮೀಸಲಾದ ಕಾಯಂ ಕೋಚ್ ಹುದ್ದೆ ನಮ್ಮಲ್ಲಿ ಅಪರೂಪ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ತಾಲ್ಲೂಕುಗಳ ಕಾಲೇಜುಗಳಲ್ಲಿ ತಂಡ ಕಟ್ಟುವ ಹೊಣೆ ದೈಹಿಕ ಶಿಕ್ಷಣ ನಿರ್ದೇಶಕರದು. ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಪಿ.ಡಿ. ಸರ್’, ‘ಪಿ.ಡಿ. ಮೇಡಂ’. ಹಾಗಾಗಿ ಕೋಚ್ ಆಗಬೇಕೆಂದರೆ ಮೊದಲು ಆ ಹುದ್ದೆಗೆ ಅರ್ಹರಾಗಬೇಕು.

ಓದಿನ ದಾರಿ

ಯಾವುದೇ ಪದವಿಯ ನಂತರ 2 ವರ್ಷದ ಬಿ.ಪಿ.ಇಡಿ., ಆಮೇಲೆ 2 ವರ್ಷದ ಎಂ.ಪಿ.ಇಡಿ. ಈ ಭಾಗದವರಿಗೆ ಮೈಸೂರು ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ (ಎನ್‌ಇಟಿ) ಅಥವಾ ರಾಜ್ಯದ ಕೆ-ಸೆಟ್ ಪಾಸಾಗಿರಬೇಕು, ಇಲ್ಲವೇ ನಿಯಮಬದ್ಧ ಪಿಎಚ್.ಡಿ. ಇರಬೇಕು. ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಅಥವಾ ರಾಜ್ಯಮಟ್ಟದ ಕೂಟದಲ್ಲಿ ಆಡಿದ ದಾಖಲೆಯನ್ನೂ ಕೇಳುತ್ತಾರೆ.

ದೈಹಿಕ ಕ್ಷಮತೆಯ ಪರೀಕ್ಷೆಯೂ ಉಂಟು. 30 ವರ್ಷದೊಳಗಿನ ಪುರುಷರು 12 ನಿಮಿಷದಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷದಲ್ಲಿ 1,000 ಮೀಟರ್ ಓಡಬೇಕು ಅಥವಾ ನಡೆಯಬೇಕು. ವಯಸ್ಸು ಏರಿದಂತೆ ಈ ದೂರ ಇಳಿಯುತ್ತದೆ. ಯುಜಿಸಿ ವೇತನ ಶ್ರೇಣಿಯ ಆರಂಭಿಕ ಮೂಲವೇತನ 57,700 ರೂಪಾಯಿ. ಸಹಾಯಕ ಪ್ರಾಧ್ಯಾಪಕರಿಗೂ ಇಷ್ಟೇ.

ತರಬೇತಿಯ ದಾರಿ

ಪದವಿಗಳು ಹುದ್ದೆ ಕೊಡುತ್ತವೆ. ಆಟ ಕಲಿಸುವ ಕಸುಬು ಬೇರೆಯದೇ ಅಭ್ಯಾಸ ಬೇಡುತ್ತದೆ. 1961ರಲ್ಲಿ ಆರಂಭವಾದ ಪಟಿಯಾಲಾದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ತರಬೇತಿ ಡಿಪ್ಲೊಮಾಕ್ಕೆ ದೇಶದಲ್ಲೆಲ್ಲ ಬೆಲೆಯಿದೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸ್ ಕೂಡ ಇದೆ. ಡಿಪ್ಲೊಮಾ ಪಡೆದವರಿಗೆ ಕ್ರೀಡಾ ಪ್ರಾಧಿಕಾರ, ಕ್ರೀಡಾ ಇಲಾಖೆ, ಕ್ಲಬ್ಬು, ಖಾಸಗಿ ಶಾಲೆಗಳ ಬಾಗಿಲೂ ತೆರೆಯುತ್ತದೆ.

ಕೆಲಸ ಹೇಗಿರುತ್ತದೆ?

ಮುಂಜಾನೆ ಅಥವಾ ತರಗತಿ ಮುಗಿದ ಮೇಲೆ ಅಭ್ಯಾಸ. ನಡುವೆ ಉಳಿದ ಆಟಗಳ ಉಸ್ತುವಾರಿ, ಸಾಮಗ್ರಿ ಖರೀದಿ, ಅರ್ಹತಾ ಪತ್ರ, ಪ್ರಯಾಣದ ಏರ್ಪಾಡು. ವರ್ಷದ ಲೆಕ್ಕ ಅಂತರ ಕಾಲೇಜು ಕೂಟದಿಂದ ಶುರು. ಅಲ್ಲಿ ಮಿಂಚಿದವರು ವಿಶ್ವವಿದ್ಯಾಲಯ ತಂಡ ಸೇರುತ್ತಾರೆ. ಮುಂದೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ದಕ್ಷಿಣ ವಲಯ ಟೂರ್ನಿ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟ.

ಯಾವ ವಿಶ್ವವಿದ್ಯಾಲಯಕ್ಕೆ ಆಡುತ್ತಾರೆ ಎಂಬುದು ಕಾಲೇಜಿನ ಮೇಲೆ ನಿಂತಿದೆ. ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕು ಬೆಳವಾಡಿಯ ಮಹಾರಾಜ ತಾಂತ್ರಿಕ ಕಾಲೇಜು ಎರಡೂ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯವು. ನಾಗಮಂಗಲ ತಾಲ್ಲೂಕು ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವಿಶ್ವವಿದ್ಯಾಲಯವೇ ಇದೆ. ಅಕ್ಕಪಕ್ಕದ ಊರಿನ ಗೆಳೆಯರಿಬ್ಬರು ಎದುರಾಳಿ ತಂಡಗಳಲ್ಲಿ ನಿಲ್ಲುವುದು ಹೀಗೆ.

ಪಂದ್ಯದ ದಿನ ಕೋಚ್ ಕೈಯಲ್ಲಿರುವುದು ಕೆಲವೇ ಅಸ್ತ್ರ. 10 ನಿಮಿಷದ ನಾಲ್ಕು ಕ್ವಾರ್ಟರ್. ಮೊದಲರ್ಧದಲ್ಲಿ ಎರಡು, ಎರಡನೆಯರ್ಧದಲ್ಲಿ ಮೂರು ಟೈಮ್‌ಔಟ್. ಐದು ಫೌಲ್ ಮಾಡಿದ ಆಟಗಾರ ಹೊರಗೆ. ತಂಡವು ಒಂದು ಕ್ವಾರ್ಟರ್‌ನಲ್ಲಿ ನಾಲ್ಕು ಫೌಲ್ ದಾಟಿದರೆ, ನಂತರದ ರಕ್ಷಣಾ ಫೌಲ್‌ಗಳಿಗೆ ಎದುರಾಳಿಗೆ ಎರಡು ಫ್ರೀ ಥ್ರೋ. ಮೂರು ಫೌಲ್ ಆದ ಒಳ್ಳೆಯ ಆಟಗಾರ್ತಿಯನ್ನು ಯಾವಾಗ ಕೂರಿಸಬೇಕು, ಮತ್ತೆ ಯಾವಾಗ ಇಳಿಸಬೇಕು ಎಂಬ ತೀರ್ಮಾನದಲ್ಲೇ ಎಷ್ಟೋ ಪಂದ್ಯಗಳ ಗತಿ ಬದಲಾಗುತ್ತದೆ.

ಈಗಲೇ ಏನು ಮಾಡಬೇಕು?

ಪದವಿ ಓದುವಾಗಲೇ ಕಾಲೇಜು ತಂಡದಲ್ಲಿ ಆಡಿ, ಪ್ರತಿ ಕೂಟದ ಪ್ರಮಾಣಪತ್ರವನ್ನೂ ಜೋಪಾನವಾಗಿಡಿ. ಊರಿನ ಶಾಲಾ ಮಕ್ಕಳಿಗೆ ಬಿಡುವಿನಲ್ಲಿ ಕಲಿಸಿ. ಕಲಿಸುವ ಗುಣ ಇದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಕಾಯಂ ನೇಮಕಾತಿ ವರ್ಷಗಟ್ಟಲೆ ತಡವಾಗಬಹುದು. ಆದ್ದರಿಂದ ಎಂ.ಪಿ.ಇಡಿ. ಮತ್ತು ಎನ್‌ಇಟಿ ಒಂದು ಕಡೆ, ಎನ್‌ಐಎಸ್ ತರಬೇತಿ ಇನ್ನೊಂದು ಕಡೆ, ಎರಡನ್ನೂ ಗಳಿಸಿಕೊಳ್ಳಿ. ಒಂದನ್ನೇ ನಂಬಿ ಕೂರಬೇಡಿ.