ಅಂಕಿಗೆ ಮಣಿದ ಯಂತ್ರ

ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ಮಿಕರನ್ನು ಹೊತ್ತ ಕೇಜನ್ನು ಇಳಿಸಿ ಏರಿಸುತ್ತಿದ್ದ ವೈಂಡಿಂಗ್ ಡ್ರೈವರಿಗೆ ಆ ಕೇಜ್ ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಶಾಫ್ಟಿನ ಕತ್ತಲೊಳಗೆ ಎಲ್ಲೋ ಕೆಳಗೆ, ಅವರು ಮೇಲೆ ಎಂಜಿನ್ ಮನೆಯಲ್ಲಿ. ಅವರಿಗಿದ್ದ ಆಧಾರ ಎರಡೇ. ಒಂದು, ಗಂಟೆಯ ಸಂಕೇತ. ಇನ್ನೊಂದು, ಹಗ್ಗ ಸುತ್ತುವ ಡ್ರಮ್ಮಿನ ಜೊತೆಗೇ ತಿರುಗುತ್ತಾ ಆಳ ತೋರಿಸುವ ಮುಳ್ಳು. ಡ್ರಮ್ ಎಷ್ಟು ಸುತ್ತಿತೆಂದು ಗೊತ್ತಾದರೆ ಕೇಜ್ ಎಲ್ಲಿದೆಯೆಂದು ಗೊತ್ತಾಯಿತು. ಸುತ್ತನ್ನು ಎಣಿಸಿ ಸ್ಥಾನವನ್ನು ಅರಿಯುವ ಈ ವಿದ್ಯೆಯೇ, ಅಂಕಿಗಳ ಆದೇಶದಂತೆ ತಾನಾಗಿ ಚಲಿಸಿ ಮರ, ಲೋಹ ಕೊರೆಯುವ ಸಿಎನ್‌ಸಿ ಯಂತ್ರದ ಜೀವಾಳ. ಇಂದು ರಾಬರ್ಟ್‌ಸನ್‌ಪೇಟೆಯಲ್ಲೋ ಬಂಗಾರಪೇಟೆಯಲ್ಲೋ ಇರುವ ಹವ್ಯಾಸಿಯೊಬ್ಬರು ಅಂಥ ಯಂತ್ರವನ್ನು ಮನೆಯ ಮೇಜಿನ ಮೇಲೇ ಕಟ್ಟಿಕೊಳ್ಳಬಹುದು. ಅದು ಮೇಜಿನವರೆಗೆ ಬಂದು ಸೇರಲು ಅರ್ಧ ಶತಮಾನ ಹಿಡಿಯಿತು.

ಕತೆ ಶುರುವಾಗುವುದು ಹೆಲಿಕಾಪ್ಟರಿನ ರೆಕ್ಕೆಯಿಂದ. 1940ರ ದಶಕದಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಅವರ ಕಾರ್ಖಾನೆ ಸಿಕೋರ್ಸ್ಕಿ ಕಂಪನಿಗೆ ರೆಕ್ಕೆ ಮಾಡಿಕೊಡುತ್ತಿತ್ತು. ರೆಕ್ಕೆಯ ಬಾಗನ್ನು ತೋರಿಸಲು ನಕ್ಷೆಯಲ್ಲಿ ಕೊಡುತ್ತಿದ್ದದ್ದು 17 ಬಿಂದು ಮಾತ್ರ. ನಡುವಿನದನ್ನೆಲ್ಲ ಕೈಯಿಂದಲೇ ಗೆರೆ ಎಳೆದು ಕೂಡಿಸಬೇಕಿತ್ತು. ಪಾರ್ಸನ್ಸ್ ಅವರ ಜೊತೆಗಾರ, ಎಂಜಿನಿಯರ್ ಫ್ರಾಂಕ್ ಸ್ಟುಲೆನ್, ಕಚೇರಿ ಲೆಕ್ಕಪತ್ರಕ್ಕೆ ಬಳಸುತ್ತಿದ್ದ ಐಬಿಎಂ ಪಂಚ್ ಕಾರ್ಡ್ ಯಂತ್ರದಲ್ಲಿ ಲೆಕ್ಕ ಹಾಕಿ ಅದೇ ಬಾಗಿಗೆ 200 ಬಿಂದುಗಳನ್ನು ತೆಗೆದುಕೊಟ್ಟರು. ಈಗ ಆ ಪಟ್ಟಿಯನ್ನು ಲೋಹದಲ್ಲಿ ಕೊರೆಯಬೇಕಲ್ಲ? ಮಿಲ್ಲಿಂಗ್ ಯಂತ್ರದ ಮುಂದೆ ಒಬ್ಬ ನಿಂತು ಅಂಕಿಗಳನ್ನು ಗಟ್ಟಿಯಾಗಿ ಓದುವುದು, ಎಕ್ಸ್ ಚಕ್ರದ ಮುಂದೊಬ್ಬ, ವೈ ಚಕ್ರದ ಮುಂದೊಬ್ಬ ನಿಂತು ಅಷ್ಟಷ್ಟೇ ತಿರುಗಿಸುವುದು. ಆ ಮೂವರ ಕೆಲಸ ನೋಡುತ್ತಾ ಪಾರ್ಸನ್ಸ್ ಅವರಿಗೆ ಹೊಳೆದ ಮಾತು ಇಷ್ಟೇ: ಚಕ್ರ ತಿರುಗಿಸುವವರ ಜಾಗದಲ್ಲಿ ಮೋಟಾರು ಇಟ್ಟು, ಓದುವವನ ಜಾಗದಲ್ಲಿ ರಂಧ್ರ ಹೊಡೆದ ಕಾರ್ಡು ಇಟ್ಟರೆ ಹೇಗೆ?

1949ರಲ್ಲಿ ಅಮೆರಿಕದ ವಾಯುಪಡೆ ಇದಕ್ಕೆ ಹಣ ಕೊಟ್ಟಿತು. ಕೆಲಸ ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯಕ್ಕೆ ಹೋಯಿತು. 1952ರ ಸೆಪ್ಟೆಂಬರಿನಲ್ಲಿ ಒಂದು ಸಿನ್ಸಿನಾಟಿ ಮಿಲ್ಲಿಂಗ್ ಯಂತ್ರ ರಂಧ್ರ ಹೊಡೆದ ಕಾಗದದ ಪಟ್ಟಿಯನ್ನು ಓದಿಕೊಂಡು ಮೂರು ದಿಕ್ಕಿನಲ್ಲಿ ತಾನಾಗಿ ಚಲಿಸಿದ್ದನ್ನು ಜನ ನೋಡಿದರು. ಅದನ್ನು ನಡೆಸುವ ನಿರ್ವಾತ ಕೊಳವೆಗಳ ಕಪಾಟುಗಳು ಯಂತ್ರಕ್ಕಿಂತ ಹೆಚ್ಚು ಜಾಗ ಹಿಡಿದಿದ್ದವು. 1958ರಲ್ಲಿ ಪಾರ್ಸನ್ಸ್ ಮತ್ತು ಸ್ಟುಲೆನ್ ಅವರಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಬಹಳ ಕಾಲ ಇದು ದೊಡ್ಡ ಕಾರ್ಖಾನೆಗಳ ಆಸ್ತಿಯಾಗಿಯೇ ಉಳಿಯಿತು.

ಯಂತ್ರದ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತಿನಿಂದ ಮೋಟಾರು ಓಡಿಸಿದ ಊರು ಕೋಲಾರದ ಈ ಚಿನ್ನದ ಗಣಿಯ ಕೆಜಿಎಫ್. ಬೆಂಗಳೂರಿಗೆ 1953ರಲ್ಲಿ ಎಚ್‌ಎಂಟಿ ಬಂತು, 1962ರಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂತು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಗಣಿಯ ಮಗ್ಗುಲಲ್ಲೇ ಬುಲ್ಡೋಜರ್ ಕಟ್ಟತೊಡಗಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರೂ ಫಿಟ್ಟರ್, ಟರ್ನರ್, ವೆಲ್ಡರುಗಳ ಕೈಯಲ್ಲಿದ್ದ ಕಸುಬು ಮುಚ್ಚಲಿಲ್ಲ. ಮಾರಿಕುಪ್ಪಂ ರೈಲು ಹಿಡಿದು ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರಲ್ಲಿ ಆ ಕಸುಬಿನವರೂ ಇದ್ದಾರೆ.

ಯಂತ್ರ ಮನೆಯೊಳಗೆ ಬರಲು ಬಾಗಿಲು ತೆರೆದದ್ದು ಹಣವಂತರಲ್ಲ, ತಮ್ಮ ಕೆಲಸವನ್ನು ಎಲ್ಲರಿಗೂ ಬಿಟ್ಟುಕೊಟ್ಟವರು. 1990ರ ದಶಕದಲ್ಲಿ ಅಮೆರಿಕ ಸರ್ಕಾರದ ಮಾನಕ ಸಂಸ್ಥೆ ಎನ್‌ಐಎಸ್‌ಟಿ, ಮಾಮೂಲಿ ಕಂಪ್ಯೂಟರಿನಿಂದಲೇ ಯಂತ್ರ ನಡೆಸುವ ತಂತ್ರಾಂಶ ಬರೆಯಿತು. ಸರ್ಕಾರಿ ಸಂಸ್ಥೆಯೇ ಮಾಡಿದ್ದರಿಂದ ಅದು ಸಾರ್ವಜನಿಕರ ಸ್ವತ್ತಾಯಿತು. ಇಂದಿನ ಲಿನಕ್ಸ್‌ಸಿಎನ್‌ಸಿ ಅದರ ಸಂತತಿ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ಆರ್ಡುಯಿನೊ ಎಂಬ ಅಗ್ಗದ ಬೋರ್ಡು ಹುಟ್ಟಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ ಆ ಪುಟ್ಟ ಬೋರ್ಡಿನಲ್ಲೇ ಇಡೀ ಯಂತ್ರ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ ಬರೆದು ಉಚಿತವಾಗಿ ಹಂಚಿದರು. ಮುಂದೆ ಸನ್ನಿ ಜಿಯೋನ್ ಅದನ್ನು ಬೆಳೆಸಿದರು. 32 ಕಿಲೋಬೈಟ್ ಜಾಗದೊಳಗೆ ಕೂತ ಈ ತಂತ್ರಾಂಶ ಮುಂದೆ ಬರುವ ಹಲವು ಸಾಲುಗಳನ್ನು ಮೊದಲೇ ನೋಡಿಕೊಂಡು, ತಿರುವು ಬರುವ ಮುಂಚೆ ವೇಗ ಇಳಿಸುತ್ತದೆ, ತಿರುವು ದಾಟಿದ ಮೇಲೆ ಏರಿಸುತ್ತದೆ. ಅಂದು ಕಪಾಟುಗಟ್ಟಲೆ ಸಲಕರಣೆ ಮಾಡುತ್ತಿದ್ದ ಕೆಲಸ ಇಂದು ಅಂಗೈ ಅಗಲದ ಬೋರ್ಡಿಗೆ ಬಂದಿದೆ.

ಕಟ್ಟುವವರು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಬೋರ್ಡು, ಸ್ಟೆಪ್ಪರ್ ಮೋಟಾರು, ಅದನ್ನು ನಡೆಸುವ ಡ್ರೈವರ್ ಸರ್ಕ್ಯೂಟ್ ಸಿಗುತ್ತವೆ. ಸಾಮಾನ್ಯ ಸ್ಟೆಪ್ಪರ್ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3,200. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಥ್ರೆಡ್ ರಾಡ್ ಒಂದು ಸುತ್ತು ತಿರುಗಿದರೆ ಅದರ ನಟ್ಟು ಸರಿಯುವುದು 1.25 ಮಿ.ಮೀ. ಎಂದರೆ ಒಂದು ಮಿಲಿಮೀಟರಿಗೆ 2,560 ಹೆಜ್ಜೆ. ಈ ಸಂಖ್ಯೆಯನ್ನು ತಂತ್ರಾಂಶಕ್ಕೆ ಕೊಟ್ಟು, ‘ಜಿ1 ಎಕ್ಸ್50 ಎಫ್300’ ಎಂದು ಬರೆದರೆ ಕಟರ್ ಮಿನಿಟಿಗೆ 300 ಮಿ.ಮೀ. ವೇಗದಲ್ಲಿ 50 ಮಿ.ಮೀ. ಗುರುತಿಗೆ ನೇರ ಹೋಗಿ ನಿಲ್ಲುತ್ತದೆ. ರಾಡಿನ ಬದಲು ಸುತ್ತಿಗೆ ನಟ್ಟನ್ನು 8 ಮಿ.ಮೀ. ಸರಿಸುವ ಲೀಡ್ ಸ್ಕ್ರೂ ಹಾಕಿದರೆ 400 ಹೆಜ್ಜೆ ಸಾಕು, ಯಂತ್ರ ಚುರುಕಾಗುತ್ತದೆ.

ಯಂತ್ರ ಎಷ್ಟು ಚೆನ್ನಾಗಿದೆ ಎಂದು ತಿಳಿಯಲು ಪೆನ್ ಕಟ್ಟಿ ಒಂದು ವೃತ್ತ ಬರೆಸಿದರೆ ಆಯಿತು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಈ ನಾಲ್ಕು ಕಡೆ ವೃತ್ತ ಚಪ್ಪಟೆಯಾಗಿದ್ದರೆ ಸ್ಕ್ರೂಗೂ ನಟ್ಟಿಗೂ ನಡುವೆ ಪ್ಲೇ, ಅಂದರೆ ಸಡಿಲ, ಇದೆ ಎಂದು ಅರ್ಥ. ದಿಕ್ಕು ಬದಲಾಗುವ ಆ ಜಾಗಗಳಲ್ಲಿ ಮೋಟಾರು ತಿರುಗುತ್ತದೆ, ಯಂತ್ರದ ಮೇಜು ಮಾತ್ರ ಕ್ಷಣಕಾಲ ಕದಲುವುದಿಲ್ಲ. ಡಯಲ್ ಗೇಜ್ ಇಟ್ಟು ಎಷ್ಟು ಪ್ಲೇ ಎಂದು ಅಳೆದು, ಸ್ಪ್ರಿಂಗ್ ಇರುವ ಜೋಡಿ ನಟ್ಟು ಹಾಕಿದರೆ ವೃತ್ತ ದುಂಡಗಾಗುತ್ತದೆ. ಹಳೆಯ ಫಿಟ್ಟರೊಬ್ಬರು ಪಕ್ಕದಲ್ಲಿದ್ದರೆ ಮೇಜು ಜಾರುವ ರೈಲನ್ನು ಬೆರಳಿಂದ ಅಲ್ಲಾಡಿಸಿಯೇ ದೋಷ ಎಲ್ಲಿದೆ ಎಂದು ಹೇಳಿಬಿಡುತ್ತಾರೆ.

ಹಗ್ಗ ಹಿಗ್ಗಿದರೆ ವೈಂಡರಿನ ಮುಳ್ಳಿನ ಲೆಕ್ಕ ತಪ್ಪುವ ಹಾಗೆ, ಕಟರ್ ಸಿಕ್ಕಿಕೊಂಡು ಮೋಟಾರು ಹೆಜ್ಜೆ ತಪ್ಪಿದರೆ ಬೋರ್ಡಿಗೆ ಅದು ತಿಳಿಯುವುದಿಲ್ಲ. ಕೇಜ್ ಮಿತಿ ಮೀರಿ ಏರದಂತೆ ಗಣಿಯಲ್ಲಿ ತಡೆ ಇರುತ್ತಿತ್ತು. ಇಲ್ಲಿ ಪ್ರತಿ ತುದಿಗೂ ಲಿಮಿಟ್ ಸ್ವಿಚ್, ಕೈಗೆಟಕುವಲ್ಲಿ ಕೆಂಪು ಸ್ಟಾಪ್ ಬಟನ್, ಕಣ್ಣಿಗೆ ಕನ್ನಡಕ ಇರಲೇಬೇಕು. ಸಡಿಲ ತೋಳಿನ ಅಂಗಿ ತೊಟ್ಟು ತಿರುಗುವ ಕಟರ್ ಹತ್ತಿರ ಹೋಗಬಾರದು.

ಈ ಯಂತ್ರದಿಂದ ಮನೆಯಲ್ಲೇ ಮರದ ನಾಮಫಲಕ ಕೆತ್ತಬಹುದು, ಸರ್ಕ್ಯೂಟ್ ಬೋರ್ಡು ಕೊರೆಯಬಹುದು, ಅಲ್ಯೂಮಿನಿಯಂ ಬ್ರಾಕೆಟ್ ಮಾಡಬಹುದು. ಅದಕ್ಕಿಂತ ದೊಡ್ಡ ಲಾಭ, ಕಟ್ಟುವಾಗ ಕಲಿಯುವ ಗಣಿತ, ವಿದ್ಯುತ್ತು, ಲೋಹವಿದ್ಯೆ. ಕೆಜಿಎಫ್, ಬಂಗಾರಪೇಟೆಗಳ ಐಟಿಐ ಮತ್ತು ಪ್ರೌಢಶಾಲೆಗಳ ಮೇಷ್ಟರಲ್ಲಿ ನನ್ನ ವಿನಂತಿ ಇದು: ಸಿದ್ಧ ಯಂತ್ರ ಕೊಳ್ಳಬೇಡಿ. ನಿಮ್ಮೂರಿನ ನಿವೃತ್ತ ಫಿಟ್ಟರ್, ಟರ್ನರುಗಳನ್ನು ಕರೆದು ಮಕ್ಕಳ ಪಕ್ಕ ಕೂರಿಸಿ, ಒಂದನ್ನು ಕಟ್ಟಿಸಿ. ತಂತ್ರಾಂಶ ಉಚಿತವಾಗಿದೆ, ಕಸುಬು ಊರಲ್ಲೇ ಇದೆ. ಆ ಕಸುಬುದಾರರಿಗೆ ವಯಸ್ಸಾಗುತ್ತಿದೆ, ಈ ಕೆಲಸ ಈಗಲೇ ಆಗಬೇಕು.