ಬೆಂಕಿ ಎಷ್ಟು ವೇಗ? ಕ್ಯಾಮೆರಾ ಹೇಳುವ ಲೆಕ್ಕ

ಚಿಕ್ಕಬಳ್ಳಾಪುರ: ಪೇರೇಸಂದ್ರ ಸಮೀಪದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರುವರಿಯಲ್ಲಿ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ ಆರು ಮಂದಿ ಮೃತಪಟ್ಟರು. ಸೀಮೆಎಣ್ಣೆಗೆ ಬೆಂಕಿ ತಗುಲಿದರೆ ಓಡಲು ಕೆಲವು ಕ್ಷಣಗಳಾದರೂ ದೊರೆಯುತ್ತವೆ. ಜಿಲೆಟಿನ್ ಸಿಡಿದರೆ ಅಷ್ಟೂ ಇಲ್ಲ. ವ್ಯತ್ಯಾಸವಿರುವುದು ವೇಗದಲ್ಲಿ.

ಕಲ್ಲು ಕ್ವಾರಿಗಳ ಸ್ಫೋಟಕದೊಳಗೆ ಸ್ಫೋಟದ ಅಲೆ ಸೆಕೆಂಡಿಗೆ 5 ಕಿ.ಮೀ. ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಚಿಕ್ಕಬಳ್ಳಾಪುರದಿಂದ ನೇರ ಗೆರೆಯಲ್ಲಿ ಶಿಡ್ಲಘಟ್ಟಕ್ಕೆ ಅದಕ್ಕೆ 3 ಸೆಕೆಂಡು ಸಾಕು. ಗೌರಿಬಿದನೂರಿಗೆ 6, ಚಿಂತಾಮಣಿಗೆ 7. ರಾಕೆಟ್ಟಿನ ಘನ ಇಂಧನವೂ ಶಕ್ತಿಯುತ ವಸ್ತುವೇ. ಆದರೆ ಸೆಕೆಂಡಿಗೆ 7 ಮಿ.ಮೀ.ನಂತೆ ಉರಿಯುವ ಅಂತಹ ಇಂಧನದ ಬೆಂಕಿ ಶಿಡ್ಲಘಟ್ಟ ಮುಟ್ಟಲು ಸುಮಾರು 25 ದಿನ ಬೇಕು!

ಈ ನಿಧಾನದ ಉರಿಯನ್ನು ಅಳೆಯುವ ವಿಧಾನ ಸರಳ. ಗಾಜಿನ ಕಿಟಕಿಯುಳ್ಳ ಗಟ್ಟಿ ಉಕ್ಕಿನ ಪಾತ್ರೆಯಲ್ಲಿ ಇಂಧನದ ಸಣ್ಣ ಪಟ್ಟಿಯನ್ನು ನಿಲ್ಲಿಸಿ, ಸಾರಜನಕ ತುಂಬಿ ಒತ್ತಡ ಏರಿಸುತ್ತಾರೆ. ಪಕ್ಕಗಳು ಹೊತ್ತಿಕೊಳ್ಳದಂತೆ ಲೇಪನವಿರುತ್ತದೆ. ಬೆಂಕಿ ಮೇಲಿನಿಂದ ಕೆಳಗಷ್ಟೇ ಇಳಿಯಬೇಕು. ಪ್ರತಿ ಚಿತ್ರದಲ್ಲೂ ಉರಿಯುವ ಅಂಚು ಎಲ್ಲಿದೆ ಎಂಬುದನ್ನು ಕಂಪ್ಯೂಟರ್ ಗುರುತಿಸುತ್ತದೆ. ಅಂಚು ಇಳಿದ ದೂರವನ್ನು ತಗುಲಿದ ಕಾಲದಿಂದ ಭಾಗಿಸಿದರೆ ವೇಗ ಸಿಕ್ಕಿತು. ಹಿಂದೆ ಪಟ್ಟಿಯಲ್ಲಿ ತೆಳು ತಂತಿಗಳನ್ನು ಪೋಣಿಸಿ, ಅವು ಒಂದೊಂದಾಗಿ ಕರಗುವ ಹೊತ್ತನ್ನು ದಾಖಲಿಸುತ್ತಿದ್ದರು. ತಂತಿಗಳ ನಡುವೆ ಏನಾಯಿತೆಂಬುದು ಆಗ ತಿಳಿಯುತ್ತಿರಲಿಲ್ಲ.

ಕ್ಯಾಮೆರಾಕ್ಕೂ ತೊಡಕುಗಳಿವೆ. ಹೊಗೆ ಅಂಚನ್ನು ಮುಚ್ಚುತ್ತದೆ, ಜ್ವಾಲೆ ಕಣ್ಣು ಕುಕ್ಕುತ್ತದೆ. ಲೇಸರ್ ಬೆಳಕು ಹಾಯಿಸಿ, ಆ ಬಣ್ಣವನ್ನು ಮಾತ್ರ ಬಿಡುವ ಶೋಧಕವನ್ನು ಮಸೂರದ ಮುಂದಿಡುವುದು ಒಂದು ಉಪಾಯ, ಎಕ್ಸ್-ರೇ ಇನ್ನೊಂದು. ಇಷ್ಟೆಲ್ಲ ಶ್ರಮಕ್ಕೆ ಕಾರಣ ಒತ್ತಡ. ಒತ್ತಡ ಏರಿದಂತೆ ಉರಿಯೂ ಬಿರುಸಾಗುತ್ತದೆ. ಪಿಎಸ್‌ಎಲ್‌ವಿಯ ಮೊದಲ ಹಂತದ ಸುಮಾರು 138 ಟನ್ ಇಂಧನ ಎರಡು ನಿಮಿಷದೊಳಗೆ ಉರಿದು ಮುಗಿಯುತ್ತದೆ. ಅಲ್ಲಿ ಲೆಕ್ಕ ತಪ್ಪಿದರೆ ರಾಕೆಟ್ಟೇ ಒಡೆಯಬಹುದು.

ಸ್ಫೋಟದ ಅಲೆಗೆ ಸಾಮಾನ್ಯ ಕ್ಯಾಮೆರಾ ಸಾಲದು. ಸೆಕೆಂಡಿಗೆ ಹತ್ತು ಲಕ್ಷ ಚಿತ್ರ ತೆಗೆದರೂ ಎರಡು ಚಿತ್ರಗಳ ನಡುವೆ ಅದು 5 ಮಿ.ಮೀ. ಮುಂದೆ ಹೋಗಿರುತ್ತದೆ. ಆದ್ದರಿಂದ ಸಣ್ಣ ಸೀಳಿನಿಂದ ಬಂದ ಬೆಳಕನ್ನು ರಭಸವಾಗಿ ತಿರುಗುವ ಕನ್ನಡಿಯ ಮೂಲಕ ಫಿಲಂ ಮೇಲೆ ಹರಿಸುತ್ತಾರೆ. ಅಲ್ಲಿ ಮೂಡುವ ಓರೆಗೆರೆಯ ಇಳಿಜಾರೇ ವೇಗ.

ಬಂಡೆಯ ಕುಳಿಯೊಳಗೆ ಮಾತ್ರ ಕ್ಯಾಮೆರಾ ಇಣುಕಲಾರದು. ಅಲ್ಲಿ ಸ್ಫೋಟಕದ ಉದ್ದಕ್ಕೂ ಇಳಿಬಿಟ್ಟ ತಂತಿ ಕ್ಷಣಕ್ಷಣಕ್ಕೆ ಮೊಟಕಾಗುವುದನ್ನು ಉಪಕರಣ ದಾಖಲಿಸುತ್ತದೆ. ಅಳತೆ ನಡುವೆ ನಿಂತಿದ್ದರೆ, ಸಿಡಿಯದ ಸ್ಫೋಟಕ ಕಲ್ಲಿನ ರಾಶಿಯಲ್ಲಿ ಉಳಿದಿರಬಹುದು. ಮರುದಿನ ಅದೇ ರಾಶಿಗೆ ಕೈ ಹಾಕುವವರು ಕಾರ್ಮಿಕರು.